ಏರಿನಲ್ಲಿ ಗೇರ್ ಬಿಡುವ ಕಾರು

ಹೆಂಡತಿ ಕಾರು ಓಡಿಸುವಾಗ ಪಕ್ಕದಲ್ಲಿ ಕೂತ ನಾನು ಬ್ರೇಕ್ ಒತ್ತುತ್ತೇನೆ. ನನ್ನ ಕಡೆ ಬ್ರೇಕ್ ಇಲ್ಲವೆಂಬುದು ನನಗೆ ಗೊತ್ತು, ನನ್ನ ಬಲಗಾಲಿಗೆ ಗೊತ್ತಿಲ್ಲ. ಅದು ಒತ್ತಿ ಒತ್ತಿ ಆ ಜಾಗದಲ್ಲಿ ಮ್ಯಾಟು ನುಣ್ಣಗಾಗಿದೆ. ಕಾರು ಓಡಿಸುವವಳ ಮ್ಯಾಟಿಗಿಂತ ಕೂತಿರುವವನ ಮ್ಯಾಟೇ ಮೊದಲು ಸವೆದ ಕಾರು ನಮ್ಮದೊಂದೇ ಇರಬೇಕು ಎಂದು ಅವಳು ನೆಂಟರಿಗೆಲ್ಲ ಬಾಗಿಲು ತೆಗೆದು ತೋರಿಸುತ್ತಾಳೆ.

ಆವತ್ತೂ ಒತ್ತಿದ್ದೆ. ಆದರೆ ಆವತ್ತು ಬೇಕಾಗಿದ್ದದ್ದು ಬ್ರೇಕ್ ಅಲ್ಲ.

ಬಿಡದಿ ದಾಟಿ ಹಾರೋಹಳ್ಳಿಯ ಕಡೆಗೆ ಹೋಗುವಾಗ ಒಂದು ಹಂಪ್ ಸಿಗುತ್ತದೆ. ಹಂಪ್ ಇಳಿದ ಕೂಡಲೇ ಏರು. 'ಕಾರು ಯಾಕೋ ಎರಡು ದಿನದಿಂದ ಜಗ್ಗುತ್ತಿದೆ' ಎಂದು ಅವಳು ಹೇಳಿದ್ದರಿಂದ, ನನ್ನ ಕಾಲೇಜಿಗೆ ರಜೆಯಿದ್ದ ಆ ಬೆಳಿಗ್ಗೆ ನಾನೂ ಜೊತೆಗೆ ಹೊರಟಿದ್ದೆ. ಹಂಪ್ ಇಳಿಸಿ ಅವಳು ಆಕ್ಸಿಲರೇಟರ್ ಒತ್ತಿದಳು. ಎಂಜಿನ್ ಕೂಗಿಕೊಂಡಿತು, ಕಾರು ಮುಂದಕ್ಕೆ ಹೋಗಲಿಲ್ಲ. ಸ್ಟೀರಿಂಗ್ ಹಿಂದೆ ಗೇರ್ ತೋರಿಸುವ ಅಕ್ಷರ ಮಿಟುಕತೊಡಗಿತು, ಅದರ ಪಕ್ಕದಲ್ಲಿ ಹಳದಿ ದೀಪ. ನಮ್ಮ ಹಿಂದೆ ಕಬ್ಬಿಣದ ಸುರುಳಿ ಹೇರಿಕೊಂಡು ಏರಿಗೆಂದು ವೇಗ ಎತ್ತಿಕೊಂಡು ಬರುತ್ತಿದ್ದ ಲಾರಿ. ಅದರ ಹಾರ್ನು ನನಗೆ ಕಿವಿಯಲ್ಲಿ ಕೇಳಿಸಲಿಲ್ಲ, ಬೆನ್ನಿನಲ್ಲಿ ಕೇಳಿಸಿತು.

"ಇಳಿದುಬಿಡ್ಲಾ?" ಎಂದೆ.

"ಇಳಿದು ಏನ್ ಮಾಡ್ತೀರಿ? ಲಾರಿ ಹಿಡ್ಕೊಂಡು ನಿಂತ್ಕೋತೀರಾ?"

ಹಾಗೆನ್ನುತ್ತಲೇ ಉಳಿದಿದ್ದ ಓಟದಲ್ಲೇ ಕಾರನ್ನು ಎಡಕ್ಕೆ ತಂದು ರಸ್ತೆಯ ಪಕ್ಕದ ಮಣ್ಣಿಗೆ ಇಳಿಸಿದಳು. ಲಾರಿ ನಮ್ಮ ಕನ್ನಡಿಯನ್ನು ಸವರುವಷ್ಟು ಹತ್ತಿರದಲ್ಲಿ ಹಾದುಹೋಯಿತು, ಕಾರು ತೊಟ್ಟಿಲಿನಂತೆ ಅಲ್ಲಾಡಿತು. ಆಫ್ ಮಾಡಿ ಆನ್ ಮಾಡಿದಳು. ಏನೂ ನಡೆದೇ ಇಲ್ಲವೆಂಬಂತೆ ಕಾರು ಏರು ಹತ್ತಿತು. ನನಗೆ ಹೆಚ್ಚು ಹೆದರಿಕೆಯಾದದ್ದು ಆಗಲೇ. ಕೆಟ್ಟು ನಿಂತ ಗಾಡಿಯನ್ನು ನಂಬಬಹುದು. ತನಗೆ ಬೇಕೆಂದಾಗ ಕೆಟ್ಟು, ಬೇಕೆಂದಾಗ ಸರಿಹೋಗುವುದನ್ನು ನಂಬುವುದು ಹೇಗೆ?

ಅವಳು ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲಿನ ಗುಣಮಟ್ಟ ನೋಡುವ ವಿಭಾಗದ ಮೇಲ್ವಿಚಾರಕಿ. ದಿನವೂ ರಾಮನಗರದಿಂದ ಹೋಗಿಬರಬೇಕು. ಕೆಲವು ವರ್ಷಗಳ ಹಿಂದೆ ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಎಡಪಾದದ ಕೀಲು ಮುರಿದುಕೊಂಡಳು. ಒಳಗೆ ಪ್ಲೇಟ್ ಕೂರಿಸಿದ್ದಾರೆ. ಆ ಕಾಲಿನಲ್ಲಿ ಬಸ್ಸಿನಲ್ಲಿ ನಿಂತು ಹೋಗಲಾಗದು, ಕ್ಲಚ್ ತುಳಿಯಲಾಗದು. ಬಹಳ ದಿನ ಮನೆಯಲ್ಲಿ ಕೂತು ಕಿಟಕಿಯ ಸರಳುಗಳನ್ನು ಒರೆಸಿದ್ದನ್ನೇ ಒರೆಸುತ್ತಿದ್ದಳು. ಕಡೆಗೆ ಎಡಗಾಲಿಗೆ ಕೆಲಸವೇ ಕೊಡದ ಆಟೋಮ್ಯಾಟಿಕ್ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದೆವು. ಅವಳು ಮತ್ತೆ ಕೆಲಸಕ್ಕೆ ಹೋದಳು, ಮತ್ತೆ ನನ್ನನ್ನು ಗೇಲಿ ಮಾಡತೊಡಗಿದಳು.

ಕಾರು ಬಂದ ವಾರವೇ ಸೋಲೂರಿನಿಂದ ಅತ್ತೆ ಬಂದರು. ಮಗಳು ಬಸ್ಸಿನಿಂದ ಬಿದ್ದದ್ದು ದೃಷ್ಟಿಯಿಂದಲೇ ಎಂದು ನಂಬಿದವರು ಅವರು. ತಮ್ಮ ಕಡೆಯ ಹಿರಿಯರೊಬ್ಬರಿಂದ ಮಾಡಿಸಿದ ಒಂದು ತಾಮ್ರದ ತಾಯತವನ್ನು ನನ್ನ ಕೈಗಿಟ್ಟು, "ಗಾಡಿ ಜೀವ ಎಲ್ಲೈತೋ ಅಲ್ಲಿಗೆ ಕಟ್ಟಿ ಅಳಿಯಂದ್ರೇ" ಎಂದರು. ಪಿಯುಸಿ ಮಕ್ಕಳಿಗೆ ಇತಿಹಾಸ ಪಾಠ ಮಾಡುವ ನನಗೆ ತಾಯತದಲ್ಲಿ ನಂಬಿಕೆ ಇಲ್ಲ. ಆದರೆ ಕಟ್ಟದೆ ಇದ್ದು ಏನಾದರೂ ಆಗಿಬಿಟ್ಟರೆ ಎಂಬುದರಲ್ಲಿ ಬಹಳ ನಂಬಿಕೆ ಇದೆ. ಬಾನೆಟ್ ಎತ್ತಿ, ಬ್ಯಾಟರಿಯ ಹಿಂದೆ ತಾಮ್ರದ ತಂತಿಯಿಂದ ಬಿಗಿಯಾಗಿ ಕಟ್ಟಿ, ಇಕ್ಕಳದಲ್ಲಿ ತಿರುಚಿ, ಜಗ್ಗಿ ನೋಡಿದ್ದೆ. ಅತ್ತೆ ಅದಕ್ಕೆ ಕುಂಕುಮ ಹಚ್ಚಿದ್ದರು.

ಲಾರಿಯ ಪ್ರಸಂಗವಾದ ಮೇಲೆ ಕಾರನ್ನು ಸರ್ವೀಸ್ ಸೆಂಟರಿಗೆ ಕೊಟ್ಟೆವು. ಗೇರ್‌ಬಾಕ್ಸಿನ ಒಂದು ಸೆನ್ಸರ್ ಹೋಗಿದೆ ಎಂದು ಹೊಸದು ಹಾಕಿ, ಎಂಜಿನ್ ಎಲ್ಲ ತೊಳೆದು ಕೊಟ್ಟರು. ತೊಳೆದರೂ ತಾಯತದ ಮೇಲಿನ ಕುಂಕುಮ ಹಾಗೇ ಇತ್ತು. "ಅದನ್ನ ಮಾತ್ರ ಯಾರೂ ಮುಟ್ಟಿಲ್ಲ ಸಾರ್" ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿದರು. ನಾನು ಥ್ಯಾಂಕ್ಸ್ ಹೇಳಿದೆ. ಅದೇ ವಾರ, ಅದೇ ಏರಿನಲ್ಲಿ, ಕಾರು ಮತ್ತೆ ಗೇರ್ ಬಿಟ್ಟಿತು. ಆ ದಿನ ಹಿಂದೆ ಲಾರಿ ಇರಲಿಲ್ಲ, ಬೈಕಿನವನೊಬ್ಬ ಬೈದುಕೊಂಡು ಹೋದನಂತೆ. ಸರ್ವೀಸಿನವರು ಈ ಸಲ, ಗೇರ್‌ಬಾಕ್ಸನ್ನೇ ಇಳಿಸಿ ಬಿಚ್ಚಿ ನೋಡಬೇಕಾಗಬಹುದು, ವಾರಗಟ್ಟಲೆ ಬೇಕು ಎಂದರು.

ಅವಳ ರಜೆಗಳೆಲ್ಲ ಕಾಲಿಗೇ ಖರ್ಚಾಗಿದ್ದವು. ಶನಿವಾರ ಊಟದ ಹೊತ್ತಿಗೆ, "ಸೋಮವಾರ ನಾನು ಹೋಗೋಳೇ" ಎಂದಳು. "ಸರಿಯಾಗಿದ್ರೆ ಸರಿಯಾದ ಕಾರಲ್ಲಿ. ಇಲ್ದಿದ್ರೆ ಇದೇ ಕಾರಲ್ಲಿ."

"ಅದೇ ಏರಲ್ಲಿ?"

"ನಿಮಗೋಸ್ಕರ ಏರನ್ನ ತಗ್ಗಿಸೋಕೆ ಯಾರಿಗೂ ಪುರುಸೊತ್ತಿಲ್ಲ."

ಆ ಸಂಜೆ ನಾನು ಹೊಗೆಸೊಪ್ಪಿಲ್ಲದ ಮುದುಕನಂತೆ ಮನೆಯೊಳಗೆ ತಿರುಗಾಡಿದೆ. ಕಾರು ಸರಿಹೋಗದಿದ್ದರೆ ಲಾರಿಯ ಭಯ. ಸರಿಹೋಗಿದೆ ಎಂದು ಯಾರಾದರೂ ಹೇಳಿದರೆ, ಹೇಳಿದವರನ್ನು ನಂಬಿ ಅವಳು ಹೊರಡುವ ಭಯ. ಇನ್ನೂ ಒಂದು ಯೋಚನೆ ಬಂತು: ಸರಿಹೋಗದೇ ಇದ್ದರೆ, ಗೇರ್‌ಬಾಕ್ಸ್ ಬಿಚ್ಚಲೇಬೇಕಾದರೆ, ಅವಳು ಮನೆಯಲ್ಲೇ ಇರುತ್ತಾಳಲ್ಲ, ನಿಶ್ಚಿಂತೆ. ಅವಳು ಅದೇ ಹೊತ್ತಿಗೆ ಕಿಟಕಿಯ ಪರದೆ ಎಳೆಯಲು ಬಂದಳು. ಸರಳುಗಳನ್ನು ನೋಡಿ ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಬಿಟ್ಟೆ ಎಂದರೆ, ಒಸಿ ದೂರ ಇಟ್ಟೆ.

ಭಾನುವಾರ ಚನ್ನಪಟ್ಟಣಕ್ಕೆ ಹೋದೆವು. ಹಳೇ ಹೆದ್ದಾರಿಯ ಬದಿಯಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುವ ಒಬ್ಬರಿದ್ದಾರೆ. ಹೊಸ ಹೆದ್ದಾರಿಯಾದ ಮೇಲೆ ಅವರ ಅಂಗಡಿಯ ಮುಂದೆ ಗಾಡಿಗಳು ಕಡಿಮೆ, ಮಾತು ಮಾತ್ರ ಕಡಿಮೆಯಾಗಿಲ್ಲ. ಮೀಟರನ್ನು ಕೊರಳಿಗೆ ತೂಗುಹಾಕಿಕೊಂಡೇ ಬಂದರು.

"ಏನ್ ಸಾ, ಮೊಕ ನೋಡಿದ್ರೆ ಕಾರಿಗಿಂತ ನೀವೇ ಕೆಟ್ಟಂಗೈತೆ."

ಸ್ಕ್ಯಾನರ್ ಹಾಕಿದರು. ಮೊದಲು ಬಂದ ದೋಷವೇ ಮತ್ತೆ ಬಂತು: ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ವೇಗವನ್ನು ಅಳೆಯುವ ಸೆನ್ಸರಿನ ಲೈನು. ಅದಕ್ಕೆ ಮೂರು ವೈರು. ಒಂದರಲ್ಲಿ ಐದು ವೋಲ್ಟ್ ಕರೆಂಟು ಬರುತ್ತದೆ, ಒಂದು ಅರ್ಥ್, ಇನ್ನೊಂದರಲ್ಲಿ ಸೆನ್ಸರಿನ ಸುದ್ದಿ ಹೋಗುತ್ತದೆ.

"ಗೇರ್‌ಬಾಕ್ಸಿಗೆ ಕಣ್ಣಿಲ್ಲ ಸಾ" ಎಂದರು. "ಚಕ್ರ ಎಷ್ಟು ಬಿರ್ನೆ ತಿರುಗ್ತಾ ಐತೆ ಅಂತ ಇದೇ ಯೋಳ್ಬೇಕು. ಇದು ಬಾಯಿ ಮುಚ್ಕೊಂಡ್ರೆ, ಅದು ಏನಾಯ್ತೋ ಏನೋ ಅಂತ ಹೆದರ್ಕೊಂಡು ಕೈಕಾಲು ಬುಟ್ಟು ಕುಂತ್ಕೋತದೆ."

"ಗೊತ್ತು ಬಿಡಿ" ಎಂದಳು ನನ್ನವಳು. "ಮನೇಲೊಂದೈತೆ."

ಸೆನ್ಸರ್ ಸರಿಯಿತ್ತು. ವೈರುಗಳು ಕೂಡುವ ಕಪ್ಲರ್ ಬಿಚ್ಚಿ ನೋಡಿದರು, ಸರಿಯಿತ್ತು. ಮೀಟರಿನಲ್ಲಿ ಐದು ವೋಲ್ಟ್ ಸರಿಯಾಗಿ ಬರುತ್ತಿತ್ತು. ಕಡೆಗೆ ಬ್ಯಾಟರಿಯಿಂದ ಕಾರಿನ ಕಬ್ಬಿಣದ ಮೈಗೆ ಹೋಗುವ ಅರ್ಥ್ ಕೇಬಲಿನ ಬುಡದಲ್ಲಿ ಒಂದಿಷ್ಟು ತುಕ್ಕು ಸಿಕ್ಕಿತು. ಅವರ ಮುಖ ಅರಳಿತು. ಉಜ್ಜಿ, ಬಿಗಿ ಮಾಡಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆದು ಬಂದು, "ಆಯ್ತು, ತಕ್ಕೊಂಡೋಗಿ. ಬೆಣ್ಣೆ ಥರ ಐತೆ" ಎಂದರು.

ನನಗೆ ಸಮಾಧಾನವಾಗಲು ಅರೆಕ್ಷಣ ಸಾಕಾಗಿತ್ತು, ಆದರೆ ಅವಳು ಕಾರಿನಿಂದ ಇಳಿದಳು.

"ನೀವು ಓಡಿಸಿದ್ದು ಚಪ್ಪಟೆ ರೋಡಲ್ಲಿ. ನನಗೆ ಬಿಡೋದು ಏರಲ್ಲಿ, ಹಂಪ್ ಇಳಿದು ಒತ್ತಿದಾಗ. ಏರಲ್ಲಿ ತೋರ್ಸಿ."

"ನಾ ಮಾಡಿದ್ ಕೆಲ್ಸ ಅಂಗೆಲ್ಲ ವಾಪಸ್ ಬರಲ್ಲ ಕಣಕ್ಕ."

"ಬರೋದು ಬೇಡ ಅಂತಾನೇ ಹೇಳ್ತಿರೋದು. ನಾಳೆ ಬೆಳಿಗ್ಗೆ ಲಾರಿ ಮುಂದೆ ಇರೋಳು ನಾನು."

ಅವರು ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ. "ಸರಿ ನಡೀರಿ" ಎಂದು ಒಳಗಿನಿಂದ ಉದ್ದನೆಯ ವೈರು ತಂದರು. ಐದು ವೋಲ್ಟಿನ ವೈರಿಗೆ ಹಿಂದಿನಿಂದ ಸೂಜಿ ಚುಚ್ಚಿ, ಅದಕ್ಕೆ ಉದ್ದನೆಯ ವೈರು ಸಿಕ್ಕಿಸಿ, ಬಾನೆಟಿನ ಸಂದಿಯಿಂದ ಹೊರತಂದು, ನನ್ನ ಕಡೆಯ ಕಿಟಕಿಯೊಳಗೆ ಬಿಟ್ಟು, ತುದಿಗೆ ಮೀಟರ್ ಕಟ್ಟಿ ನನ್ನ ಮಡಿಲಿಗೆ ಹಾಕಿದರು. ಅವರು ಹಿಂದಿನ ಸೀಟಿನಲ್ಲಿ ಕೂತರು.

"ನಂಬರ್ ಓದ್ತಾ ಇರಿ ಸಾ. ನಿಲ್ಸಂಗಿಲ್ಲ. ಅಕ್ಕ ರೋಡ್ ನೋಡ್ಲಿ, ನೀವು ನಂಬರ್ ನೋಡಿ."

ಸಾತನೂರಿನ ಕಡೆಯ ರಸ್ತೆಗೆ ತಿರುಗಿದೆವು. ನನ್ನ ಜೀವನದಲ್ಲಿ ಮೊದಲ ಬಾರಿಗೆ ಕಾರಿನಲ್ಲಿ ಕೂತು ರಸ್ತೆ ನೋಡದೆ ಹೋಗಬೇಕಾಗಿ ಬಂದಿತ್ತು. "ಐದು" ಎಂದೆ. "ಐದು. ಐದು." ಕಾಲು ತಾನಾಗಿಯೇ ಮ್ಯಾಟನ್ನು ಹುಡುಕಿಕೊಂಡು ಹೋಯಿತು. ಹಿಂದಿನಿಂದ ಬಸ್ಸಿನ ಹಾರ್ನು ಕೇಳಿಸಿತು. ತಿರುಗಿ ನೋಡುವ ಹಾಗಿರಲಿಲ್ಲ. "ಐದು." ಹಂಪ್ ಬಂತು, ಮೀಟರ್ ಮಡಿಲಿನಲ್ಲಿ ಕುಣಿಯಿತು. "ಐದು." ಮುಂದೆ ಏರು ಎಂದು ಬೆನ್ನು ಸೀಟಿಗೆ ಒರಗಿದಾಗಲೇ ತಿಳಿಯಿತು. ಎಂಜಿನ್ನಿನ ಸದ್ದು ದಪ್ಪವಾಯಿತು.

ಸೊನ್ನೆ.

ನಾನು ಅದನ್ನು ನೋಡಿದೆ. ಬಾಯಿಂದ ಹೊರಡಲಿಲ್ಲ. ಅಷ್ಟರಲ್ಲಿ ಎಂಜಿನ್ ಕೂಗಿತು, ಅಕ್ಷರ ಮಿಟುಕಿತು, ಬಸ್ಸಿನ ಹಾರ್ನು ಒಂದೇ ಸಮ ಹಿಡಿಯಿತು.

"ನಂಬರ್ ಸಾ, ನಂಬರ್."

"ಸೊ... ಸೊನ್ನೆ."

"ಪಕ್ಕಕ್ಕೆ ತಕ್ಕೊಳ್ಳಿ ಅಕ್ಕ, ಎಡಕ್ಕೆ, ಎಡಕ್ಕೆ."

ಅವಳು ಆಗಲೇ ಎಡಕ್ಕೆ ತೆಗೆದಿದ್ದಳು. ಬಸ್ಸು ಹಾದುಹೋಗುವಾಗ ಡ್ರೈವರ್ ಏನೋ ಅಂದದ್ದು ನನ್ನ ವಂಶಕ್ಕೆ ಸಂಬಂಧಿಸಿದ್ದು. ನೋಡಿದರೆ ಮೀಟರಿನಲ್ಲಿ ಮತ್ತೆ ಐದು ಬಂದು ಕೂತಿತ್ತು, ಸಾಧುವಿನ ಹಾಗೆ.

"ಗೇರ್‌ಬಾಕ್ಸ್ ಬಿಚ್ಚೋದು ಬ್ಯಾಡ" ಎಂದರು ಅವರು ಇಳಿಯುತ್ತ. "ಅರ್ಥ್ ಕೇಬಲ್ಲೂ ಅಲ್ಲ. ನಾನಂದಿದ್ದು ತಪ್ಪು. ವೈರೇ ಎಲ್ಲೋ ಗಾಡಿ ಮೈಗೆ ತಗುಲ್ತಾ ಐತೆ. ಎಲ್ಲಿ ಅಂತ ಹಿಡೀಬೇಕು."

ಏರಿನ ಕೆಳಗೆ ಒಂದು ಹೊಂಗೆಮರದಡಿ ಮಟ್ಟಸವಾದ ಜಾಗವಿತ್ತು. ಕಾರನ್ನು ಅಲ್ಲಿಗೆ ತಂದೆವು. ಇನ್ನು ಅವರು ಹೇಳಿದ್ದು ಕೇಳಿ ನನಗೆ ಬೆವರು ಬಂತು. ಅವಳು ಬ್ರೇಕ್ ಗಟ್ಟಿಯಾಗಿ ತುಳಿದು, ಹ್ಯಾಂಡ್ ಬ್ರೇಕ್ ಎಳೆದು, ಕಾರನ್ನು ಗೇರಿಗೆ ಹಾಕಿ, ಸ್ವಲ್ಪವೇ ಆಕ್ಸಿಲರೇಟರ್ ಕೊಡಬೇಕು. ಕಾರು ಹೋಗಲು ಎಳೆಯುತ್ತದೆ, ಬ್ರೇಕ್ ಬಿಡುವುದಿಲ್ಲ, ಆಗ ಎಂಜಿನ್ ಏರಿನಲ್ಲಿ ವಾಲುವ ಹಾಗೆಯೇ ವಾಲುತ್ತದೆ. ಬಾನೆಟ್ ತೆರೆದಿರುತ್ತದೆ, ಅವಳಿಗೆ ಮುಂದೆ ಏನೂ ಕಾಣುವುದಿಲ್ಲ.

"ಎರಡು ಪಾದಾನೂ ಬೇಕಾ ಇದಕ್ಕೆ?" ಎಂದೆ.

"ಬ್ರೇಕಿಗೆ ಎಡಗಾಲು ಇಡ್ತೀನಿ. ಅಷ್ಟು ಹೊತ್ತು ತಡೀತದೆ" ಎಂದಳು.

ನಾನು ಕಲ್ಲು ಹುಡುಕಿಕೊಂಡು ಹೊರಟೆ. ಚಕ್ರಗಳಿಗೆಲ್ಲ ಕಲ್ಲು ಕೊಟ್ಟು, ಕಲ್ಲಿಗೆ ಕಲ್ಲು ಕೊಟ್ಟೆ. ಅವರು ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಮನೆ ಪಾಯ ಹಾಕ್ತಿದ್ದೀರಾ ಸಾ? ಸಾಕು. ಮುಂದ್ಗಡೆ ಮಾತ್ರ ಯಾರೂ ನಿಲ್ಲಂಗಿಲ್ಲ, ನಾನೂ ನಿಲ್ಲಲ್ಲ."

ಪಕ್ಕದಿಂದ ಬಗ್ಗಿ ನೋಡಿದೆವು. ಅವಳು ಗೇರಿಗೆ ಹಾಕಿ ಒತ್ತಿದಳು. ಎಂಜಿನ್ ಎಂದರೆ ಬೋಲ್ಟ್ ಹಾಕಿ ಕೂರಿಸಿದ ಅಲುಗಾಡದ ವಸ್ತು ಎಂದುಕೊಂಡಿದ್ದ ನನ್ನ ಕಣ್ಣೆದುರಿಗೇ ಅದು ಮಲಗಿದ್ದ ಎಮ್ಮೆ ಮಗ್ಗುಲು ಬದಲಿಸುವ ಹಾಗೆ ಹಿಂದಕ್ಕೆ ವಾಲಿತು. ಮೀಟರ್ ಸೊನ್ನೆಗೆ ಇಳಿಯಿತು. "ರಿವರ್ಸ್ ಹಾಕಿ" ಎಂದರು. ಎಂಜಿನ್ ಈ ಕಡೆಗೆ ವಾಲಿತು. ಐದು. "ಮುಂದಕ್ಕೆ." ಸೊನ್ನೆ. ಒಳಗೆ ಅವಳ ಮುಖದಲ್ಲಿ ನೋವು ಕಾಣುತ್ತಿತ್ತು. "ಸಾಕು ಸಾಕು, ನಿಲ್ಸಿ" ಎಂದು ನಾನೇ ಕೈಬೀಸಿದೆ.

ಎಂಜಿನ್ ನಿಂತಿತು. ಅವರು ಸೆನ್ಸರಿನಿಂದ ಹಿಡಿದು ವೈರುಗಳ ಕಪ್ಪು ಕೊಳವೆಯ ಮೇಲೆ ಬೆರಳಾಡಿಸುತ್ತ ಮೇಲಕ್ಕೆ ಬಂದರು. ಗೇರ್‌ಬಾಕ್ಸ್ ದಾಟಿದರು, ಒಂದು ಕ್ಲಿಪ್ ದಾಟಿದರು, ಬ್ಯಾಟರಿಯ ಹಿಂದಕ್ಕೆ ಬಂದರು. ಬೆರಳು ನಿಂತಿತು. ಕೈ ಹಿಂದಕ್ಕೆಳೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡರು.

"ಏನಾಯ್ತು?" ಅವಳು ಕುಂಟುತ್ತ ಇಳಿದುಬಂದಳು.

"ಅಲ್ಲಿ ತಾಯತ ಐತೆ."

"ಇರ್ಲಿ, ಅದರ ಹಿಂದೆ ನೋಡಿ."

"ಮುಟ್ಟಂಗಿಲ್ಲ ಕಣಕ್ಕ. ಯಾರು ಯಾವ ಹರಕೆ ಮಾಡ್ಕೊಂಡು ಕಟ್ಟಿರ್ತಾರೋ. ಎಂಥೆಂಥ ಗಾಡಿ ಬತ್ತವೆ ನನ್ನತ್ರ, ನಿಂಬೆಹಣ್ಣು, ದಾರ, ತಗಡು, ಏನಿದ್ರೂ ಪಕ್ಕದಿಂದ ಕೈ ಹಾಕಿ ಕೆಲ್ಸ ಮಾಡ್ತೀನಿ. ಬೆಳಗ್ಗೇನೂ ಅದನ್ನ ಬುಟ್ಟೇ ನೋಡ್ದೆ."

ಅವಳು ಮೂಗಿನ ಮೇಲೆ ಬೆರಳಿಟ್ಟಳು. ಸರ್ವೀಸಿನವರೂ ಮುಟ್ಟಿರಲಿಲ್ಲ. ಎಲ್ಲರೂ ಎಲ್ಲವನ್ನೂ ನೋಡಿದ್ದರು, ಭಕ್ತಿಯಿಂದ ಅದೊಂದು ಗೇಣು ಜಾಗ ಬಿಟ್ಟು. ಅವಳು ಫೋನ್ ತೆಗೆದು ಸೋಲೂರಿಗೆ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಅವ್ವ, ಕಾರಿಗೆ ಕಟ್ಟಿದ ತಾಯತ ಬಿಚ್ಚಬೇಕು."

"ಯಾಕವ್ವ?" ಅತ್ತೆಯ ದನಿ ಬದಲಾಯಿತು. "ಸೂತಕ ಗೀತಕ ಏನಾರ ಬಂತಾ?"

"ಇಲ್ಲ. ಕಾರು ಗೇರ್ ಬಿಡ್ತಾ ಐತೆ. ಕೆಟ್ಟಿರೋ ವೈರು ಅದರ ಹಿಂದೆ ಐತೆ."

ಆ ಕಡೆ ಹಸುವೊಂದು ಕೂಗಿದ್ದು ಕೇಳಿಸಿತು. ಅತ್ತೆ ಅದನ್ನು ಗದರಿಸಿ ಸುಮ್ಮನಾಗಿಸಿ, ಯೋಚಿಸಿ, "ಕಟ್ಟಿದ್ಯಾರು?" ಎಂದರು.

"ಇವರೇ."

"ಅಂಗಾರೆ ಅವರೇ ಬಿಚ್ಚಬೇಕು. ಬ್ಯಾರೇರು ಕೈ ಹಾಕಂಗಿಲ್ಲ. ಬಿಚ್ಚಿದ್ದ ನೆಲಕ್ಕೆ ಮಡಗ್ಬೇಡಿ ಅಂತ ಯೋಳು. ಮತ್ತೆ ಸುಮ್ನೆ ಬುಡಂಗೂ ಇಲ್ಲ, ಎಲ್ಲಿಗಾದ್ರೂ ಕಟ್ಲೇಬೇಕು."

ಫೋನ್ ಇಟ್ಟಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಅವರು ಬ್ಯಾಟರಿಯ ಒಂದು ತುದಿ ಬಿಚ್ಚಿ, "ಕರೆಂಟ್ ತೆಗ್ದೀನಿ. ಈಗಿದು ಸತ್ತ ಹಾವು" ಎಂದು ಇಕ್ಕಳ ಕೊಟ್ಟರು. ಸತ್ತ ಹಾವನ್ನಾದರೂ ನಾನು ಮುಟ್ಟಿದವನೇ?

ಬಗ್ಗಿದೆ. ಎಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯಿತು. ತಂತಿಯ ತಿರುಚಿದ ತುದಿ ಸಿಕ್ಕಿತು. ಆಗ ಶನಿವಾರ ದೂರ ಇಟ್ಟಿದ್ದ ಯೋಚನೆ ಹತ್ತಿರ ಬಂದು ನಿಂತಿತು. ಇಲ್ಲಿ ನಾನು ಕೈ ಬರುತ್ತಿಲ್ಲ ಎಂದುಬಿಟ್ಟರೆ, ನನಗೆ ಧೈರ್ಯ ಸಾಲದು ಎಂದರೆ, ಯಾರಿಗೂ ಆಶ್ಚರ್ಯವಾಗುವುದಿಲ್ಲ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ನಾಳೆ ಕಾರು ಹೊರಡುವುದಿಲ್ಲ. ಇಕ್ಕಳ ಹಿಡಿದ ಕೈ ನಿಂತಿತು. ತಲೆಯೆತ್ತಿದೆ. ಅವಳು ಒಂದೇ ಕಾಲಿನ ಮೇಲೆ ಭಾರ ಹಾಕಿ, ಕಾರಿನ ಮಡ್‌ಗಾರ್ಡಿಗೆ ಕೈಕೊಟ್ಟು ನಿಂತಿದ್ದಳು. ಗೇಲಿ ಇರಲಿಲ್ಲ ಮುಖದಲ್ಲಿ. ನನ್ನ ಮನಸ್ಸಿನಲ್ಲಿ ಏನು ಓಡುತ್ತಿದೆ ಎಂದು ಅವಳಿಗೆ ಗೊತ್ತಿರದೆ ಇರುವುದು ಅಪರೂಪ.

"ಬಿಚ್ಚಿ" ಎಂದಳು ಮೆತ್ತಗೆ.

ತಿರುಚು ಬಿಡಿಸಿದೆ. ಜಗ್ಗದಿರಲಿ, ಬೀಳದಿರಲಿ, ಜಾರದಿರಲಿ ಎಂದು ಒಂದೊಂದು ಚಿಂತೆಗೂ ಒಂದೊಂದು ಸುತ್ತು ಹಾಕಿದ್ದೆನೆಂದು ಕಾಣುತ್ತದೆ, ಸುತ್ತು ಮುಗಿಯಲೇ ಇಲ್ಲ. ಬ್ಯಾಟರಿಯ ಕಬ್ಬಿಣದ ಪಟ್ಟಿಗೆ ಕಟ್ಟಿದ್ದು ಸಾಲದೆಂದು ಪಕ್ಕದ ಕಪ್ಪು ಕೊಳವೆಯನ್ನೂ ಸೇರಿಸಿಯೇ ಬಿಗಿದಿದ್ದೆ. ಎಂಜಿನ್ ವಾಲಿದಾಗಲೆಲ್ಲ ತಂತಿ ಕೊಳವೆಯನ್ನು ಗರಗಸದಂತೆ ಉಜ್ಜಿತ್ತು. ಕೊನೆಯ ಸುತ್ತು ಬಿಟ್ಟಾಗ ತಾಯತ ಅಂಗೈಗೆ ಬಂತು. ಅವರು ಕೊಳವೆ ಬಿಡಿಸಿ, ಒಳಗಿನ ವೈರನ್ನು ಉಗುರಿನಲ್ಲಿ ಎತ್ತಿ ತೋರಿಸಿದರು. ಸಾಸಿವೆ ಕಾಳಿನಷ್ಟು ಜಾಗದಲ್ಲಿ ಮೇಲಿನ ಪದರ ಹೋಗಿ ತಾಮ್ರ ಹೊಳೆಯುತ್ತಿತ್ತು. ಏರಿನಲ್ಲಿ ನನ್ನ ತಂತಿ ಅಲ್ಲಿಗೆ ತಗುಲಿ ಆ ಐದು ವೋಲ್ಟನ್ನು ಕಬ್ಬಿಣದ ಪಟ್ಟಿಗೆ ಹರಿಸಿಬಿಡುತ್ತಿತ್ತು.

"ಇಷ್ಟೇ ಕಣಕ್ಕ" ಎಂದರು.

"ಇಷ್ಟಕ್ಕೆ" ಎಂದಳು ಅವಳು.

ಅವರು ಸವೆದ ಜಾಗ ಕತ್ತರಿಸಿ, ಬೆಸುಗೆ ಹಾಕಿ, ಬಟ್ಟೆಟೇಪು ಸುತ್ತಿ, ಹೊಸ ಕೊಳವೆ ತೊಡಿಸಿ, ಯಾವುದಕ್ಕೂ ತಗುಲದ ಹಾಗೆ ಕ್ಲಿಪ್ ಹಾಕುವವರೆಗೂ ನಾನು ತಾಯತವನ್ನು ನೆಲಕ್ಕಿಡದೆ ಕೋಳಿಮರಿಯ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಆಮೇಲೆ ಮೀಟರನ್ನು ಮಡಿಲಿಗೆ ಹಾಕಿಕೊಂಡು ಅದೇ ಏರನ್ನು ಹತ್ತಿದೆವು. "ಐದು, ಐದು" ಎನ್ನುತ್ತ ಏರಿನ ನೆತ್ತಿ ತಲುಪಿದೆ. ಅವಳು ತಿರುಗಿಸಿಕೊಂಡು ಇಳಿದು ಮತ್ತೆ ಹತ್ತಿಸಿದಳು. ಮತ್ತೆ ಐದು. ಮೂರನೆಯ ಸಲ ಹತ್ತೋಣವೆಂದು ನಾನು ಹೇಳಿದ್ದಕ್ಕೆ ಹಿಂದಿನ ಸೀಟಿನವರು, "ಬ್ಯಾಡ ಸಾ, ಏರು ಸವೆದೋಯ್ತದೆ" ಎಂದರು.

ಅಂಗಡಿಗೆ ಬಂದಮೇಲೆ ತಾಯತದ ಪ್ರಶ್ನೆ ಉಳಿಯಿತು. ಕನ್ನಡಿಗೆ ಕಟ್ಟೋಣವೆಂದೆ, ರಸ್ತೆ ಮರೆಯಾಗುತ್ತದೆ ಎಂದಳು. ಸೀಟಿನ ಕೆಳಗೆ ಎಂದೆ, ಅಲ್ಲೂ ವೈರು ಇವೆ ಎಂದರು ಅವರು. ಅವಳು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, "ತೋಳು ಮೇಲೆ ಮಾಡಿ" ಎಂದಳು. ನನ್ನ ಅಂಗಿಯ ತೋಳನ್ನು ಮಡಿಸಿ, ಅವರ ಬಟ್ಟೆಟೇಪಿನಲ್ಲೇ ರಟ್ಟೆಗೆ ಬಿಗಿಯಾಗಿ ಸುತ್ತಿದಳು.

"ಇದು ಕಾರಿಗಲ್ವಾ ಮಾಡಿಸಿದ್ದು?"

"ಕಾರಿಗೆ ಯಾವತ್ತು ಭಯ ಆಗಿತ್ತು?"

ಸೋಮವಾರ ಬೆಳಿಗ್ಗೆ ಅವಳೊಬ್ಬಳೇ ಹೊರಟಳು. ಗೇಟಿನ ಬಳಿ ನಿಂತು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಓಡಿಸುವಾಗ ಫೋನ್ ಮುಟ್ಟಬೇಡವೆಂದು ಹೇಳಿದವನು ನಾನೇ ಆದ್ದರಿಂದ ಕೇಳುವಂತೆಯೂ ಇರಲಿಲ್ಲ. ಈಗ ಬಿಡದಿ, ಈಗ ಹಂಪ್, ಈಗ ಏರು ಎಂದು ಲೆಕ್ಕ ಹಾಕುತ್ತ ಕಾಲೇಜಿಗೆ ಹೋದೆ. ಸ್ಟಾಫ್ ರೂಮಿನಲ್ಲಿ ಎದುರು ಕೂತ ಸಹೋದ್ಯೋಗಿ ಪತ್ರಿಕೆ ಇಳಿಸಿ, "ಏನ್ ಮೇಷ್ಟ್ರೇ, ಅಷ್ಟು ಹೊತ್ತಿಂದ ಮೇಜಿನ ಕೆಳಗೆ ಏನ್ ತುಳೀತಿದ್ದೀರಿ?" ಎಂದರು.

ಕಾಲನ್ನು ಹಿಂದಕ್ಕೆಳೆದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಅದು ಮತ್ತೆ ಮುಂದಕ್ಕೆ ಹೋಗಿತ್ತು. ಮೊದಲ ಗಂಟೆ ಬಾರಿಸುವ ಹೊತ್ತಿಗೆ ಫೋನಿನಲ್ಲಿ ಮೆಸೇಜು ಬಂತು.

"ತಲುಪಿದೆ. ಟೇಪು ಕೀಳಬೇಡಿ."